ಜೆಫಿಟಿನಿಬ್ ಜೊತೆ ಗ್ಯಾಸ್ ಮಾತ್ರೆ ಕೊಡಬಹುದಾ?

ಪ್ರಶ್ನೆ
ತಂದೆಗೆ 68 ವರ್ಷ, ಶ್ವಾಸಕೋಶದ ಕ್ಯಾನ್ಸರ್, ಇಜಿಎಫ್‌ಆರ್ ಪಾಸಿಟಿವ್ (ಅಂದರೆ ಗಡ್ಡೆಯಲ್ಲಿ ಆ ಹೆಸರಿನ ಜೀನ್ ಬದಲಾಗಿದೆ). ಜೆಫಿಟಿನಿಬ್ 250 ಮಿ.ಗ್ರಾಂ. ದಿನಕ್ಕೊಂದು ಬರೆದಿದ್ದಾರೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ ಪ್ಯಾಂಟೊಪ್ರಜೋಲ್ 40 ಮೊದಲಿಂದಲೂ ಇದೆ. ಎರಡನ್ನೂ ಒಟ್ಟಿಗೆ ಕೊಡಬಹುದಾ? ನುಂಗೋಕೆ ಕಷ್ಟ, ಪುಡಿ ಮಾಡಿ ಮಜ್ಜಿಗೇಲಿ ಕೊಟ್ಟರೆ ನಡೆಯುತ್ತಾ?

ಉತ್ತರ 1 (ಫಾರ್ಮಸಿಸ್ಟ್)
ಒಟ್ಟಿಗೆ ಬೇಡ. ಹೊಟ್ಟೆಯಲ್ಲಿ ಆಮ್ಲ ಇದ್ದರೇನೇ ಜೆಫಿಟಿನಿಬ್ ಸರಿಯಾಗಿ ಕರಗೋದು. ಪ್ಯಾಂಟೊಪ್ರಜೋಲ್ ಆ ಆಮ್ಲವನ್ನೇ ತಗ್ಗಿಸುತ್ತೆ. ಆಮ್ಲ ಕಡಿಮೆಯಾದರೆ ರಕ್ತಕ್ಕೆ ಸೇರುವ ಔಷಧ ಸುಮಾರು ಅರ್ಧಕ್ಕೆ ಇಳಿಯಬಹುದು. ಹೊರಗೆ ಏನೂ ಗೊತ್ತಾಗಲ್ಲ, ಅದೇ ಅಪಾಯ. ಪ್ಯಾಂಟೊಪ್ರಜೋಲ್ ನಿಜವಾಗಿಯೂ ಬೇಕಾ ಅಂತ ಮೊದಲು ಡಾಕ್ಟರನ್ನ ಕೇಳಿ. ಎಷ್ಟೋ ಚೀಟಿಗಳಲ್ಲಿ ಅದು ಸುಮ್ಮನೆ ಮುಂದುವರಿದಿರುತ್ತೆ. ಬೇಕೇ ಬೇಕು ಅಂದರೆ 12 ಗಂಟೆ ಅಂತರ: ಅದು ಬೆಳಗ್ಗೆ 7ಕ್ಕೆ, ಜೆಫಿಟಿನಿಬ್ ಸಂಜೆ 7ಕ್ಕೆ. ಫ್ಯಾಮೊಟಿಡಿನ್ (ಇನ್ನೊಂದು ಬಗೆಯ ಗ್ಯಾಸ್ ಮಾತ್ರೆ), ಜೆಲ್ ಆಂಟಾಸಿಡ್ (ಆಮ್ಲ ತಗ್ಗಿಸುವ ಔಷಧ) ಆದರೆ ಹಿಂದೆ ಮುಂದೆ 6 ಗಂಟೆ. ಈನೋ ಕೂಡ ಆಂಟಾಸಿಡ್ಡೇ, ಮರೀಬೇಡಿ.

ಪುಡಿ ಮಾಡಬೇಡಿ, ಮಜ್ಜಿಗೆಯೂ ಬೇಡ. ಅರ್ಧ ಲೋಟ ಬರೀ ನೀರಿಗೆ ಇಡೀ ಮಾತ್ರೆ ಹಾಕಿ, ಆಗಾಗ ಕಲಕುತ್ತಾ 15-20 ನಿಮಿಷ ಬಿಡಿ. ಪೂರ್ತಿ ತಿಳಿಯಾಗಲ್ಲ, ಸಣ್ಣ ಕಣಗಳು ತೇಲ್ತಿರುತ್ತವೆ. ಕೂಡಲೇ ಕುಡಿಸಿ, ಲೋಟಕ್ಕೆ ಇನ್ನರ್ಧ ಲೋಟ ನೀರು ಹಾಕಿ ತೊಳೆದು ಅದನ್ನೂ ಕುಡಿಸಿ. ಗರ್ಭಿಣಿಯರು ಈ ನೀರು ಮುಟ್ಟದಿದ್ದರೆ ಒಳ್ಳೆಯದು.

ಪ್ರಶ್ನೆ ಕೇಳಿದವರು
ಊಟದ ಮುಂಚೆನಾ, ಆಮೇಲಾ? ಒಂದು ದಿನ ಮರೆತರೆ?

ಉತ್ತರ 2 (ಆಂಕಾಲಜಿ ನರ್ಸ್)
ಯಾವಾಗಾದರೂ ಸರಿ, ದಿನಾ ಒಂದೇ ಹೊತ್ತಿಗೆ ಇರಲಿ. ಖಾಲಿ ಹೊಟ್ಟೆಯ ನಿಯಮ ಇದೇ ಥರದ ಇನ್ನೊಂದು ಕ್ಯಾನ್ಸರ್ ಮಾತ್ರೆ ಎರ್ಲೊಟಿನಿಬ್‌ಗೆ. ಎರಡನ್ನೂ ಗೊಂದಲ ಮಾಡ್ಕೋಬೇಡಿ. ಮುಂದಿನ ಡೋಸ್‌ಗೆ 12 ಗಂಟೆಗಿಂತ ಹೆಚ್ಚು ಇದ್ದರೆ ನೆನಪಾದಾಗ ಕೊಡಿ, ಕಡಿಮೆ ಇದ್ದರೆ ಬಿಟ್ಟುಬಿಡಿ. ಎರಡು ಮಾತ್ರೆ ಒಟ್ಟಿಗೆ ಯಾವತ್ತೂ ಬೇಡ.

ಭೇದಿ ಸಾಮಾನ್ಯ. ಭೇದಿ ನಿಲ್ಲಿಸುವ ಲೊಪೆರಮೈಡ್ ಮೊದಲೇ ಬರೆಸಿಟ್ಟುಕೊಳ್ಳಿ, ಒಆರ್‌ಎಸ್ ಮನೆಯಲ್ಲಿರಲಿ. ಒಂದು ದಿನದಲ್ಲಿ ಹತೋಟಿಗೆ ಬರದಿದ್ದರೆ, ಮೂತ್ರ ಕಡಿಮೆಯಾದರೆ ಫೋನ್ ಮಾಡಿ. ಮುಖ, ಎದೆ ಮೇಲಿನ ಗುಳ್ಳೆ ಮೊಡವೆ ಥರ ಕಂಡರೂ ಮೊಡವೆ ಅಲ್ಲ. ಮೊಡವೆ ಕ್ರೀಮು ಚರ್ಮ ಇನ್ನೂ ಒಣಗಿಸಿ ಉರಿ ಹೆಚ್ಚಿಸುತ್ತೆ. ವಾಸನೆಯಿಲ್ಲದ ಮಾಯಿಶ್ಚರೈಸರ್ ದಿನಕ್ಕೆರಡು ಸಲ ಹಚ್ಚಿ, ಬಿಸಿಲಿಂದ ದೂರ ಇಡಿ.

ಇದನ್ನ ಮಾತ್ರ ಫ್ರಿಜ್ ಮೇಲೆ ಬರೆದು ಅಂಟಿಸಿ: ಹೊಸದಾಗಿ ಉಸಿರು ಕಟ್ಟೋದು, ಒಣಕೆಮ್ಮು ಏಕಾಏಕಿ ಜಾಸ್ತಿಯಾಗೋದು, ಜೊತೆಗೆ ಜ್ವರ. ಹೀಗಾದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಹೋಗಿ. ನೆಗಡಿ ಅಂತ ಕಾಯಬೇಡಿ, ಶ್ವಾಸಕೋಶವೇ ಉರಿಯೂತದಿಂದ ಊದಿಕೊಂಡಿರಬಹುದು. ಕಣ್ಣು ಕೆಂಪಾಗಿ ನೋವಿದ್ದರೂ ತಡ ಮಾಡಬೇಡಿ. ಲಿವರ್ ಟೆಸ್ಟ್ ತಪ್ಪಿಸಬೇಡಿ.

ಉತ್ತರ 3 (ಫಾರ್ಮಸಿಸ್ಟ್)
ಒಂದು ಬಿಟ್ಟುಹೋಗಿತ್ತು. ಟಿಬಿಯ ರಿಫಾಂಪಿಸಿನ್ ಈ ಔಷಧದ ಮಟ್ಟವನ್ನ 80%ಗೂ ಹೆಚ್ಚು ಇಳಿಸುತ್ತೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಇಳಿಸುತ್ತವೆ. ರಕ್ತ ತೆಳುವಾಗಿಸುವ ವಾರ್ಫರಿನ್ ಇದ್ದರೆ ರಕ್ತ ಹೆಪ್ಪುಗಟ್ಟುವ ವೇಗ ತೋರಿಸುವ ಐಎನ್‌ಆರ್ ಪದೇ ಪದೇ ನೋಡಬೇಕು. ಚಕ್ಕೋತ ಬೇಡ, ಕಿತ್ತಳೆ ಪರವಾಗಿಲ್ಲ. ಕಷಾಯ, ಆಯುರ್ವೇದದ ಮಾತ್ರೆ ಏನಿದ್ದರೂ ಡಬ್ಬಿ ಸಮೇತ ಡಾಕ್ಟರಿಗೆ ತೋರಿಸಿ.