ತಿಂಗಳಿಗೆ ಎರಡು ಸಾವಿರದೊಳಗೆ ನಾಯಿಮರಿಗೆ ಒಳ್ಳೆ ಊಟ: ಸಾಕಿದವರು ಸ್ವಲ್ಪ ಹೇಳಿ

ಪ್ರಶ್ನೆ, ಬೆಂಗಳೂರಿನ ಶ್ರೀನಗರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಡಿಗೆ ಮನೆ. ಬೀದಿಯ ಮರಿಯೊಂದನ್ನ ಮನೆಗೆ ತಂದಿದ್ದೀವಿ. ಹೆಣ್ಣು ಮರಿ, ಎರಡೂವರೆ ತಿಂಗಳು, ನಾಲ್ಕು ಕಿಲೋ ತೂಗುತ್ತೆ. ಊಟಕ್ಕೆ ತಿಂಗಳಿಗೆ ಎರಡು ಸಾವಿರ ದಾಟಿದ್ರೆ ನಮಗೆ ಕಷ್ಟ. ಓನರ್ ಮಹಡಿ ಮೇಲೇ ಇರೋದು. ನಾಯಿಗೆ ಒಪ್ಪಿದ್ದೇ ದೊಡ್ಡದು, ಮಾಂಸ ಮಾತ್ರ ಬೇಯಿಸೋ ಹಾಗಿಲ್ಲ ಅಂದಿದ್ದಾರೆ. ಮೊಟ್ಟೆಗೆ ತಕರಾರಿಲ್ಲ. ಅಂಗಡಿಯವರು ಕಿಲೋಗೆ ಎಂಟುನೂರರ ‘ಗ್ರೇನ್ ಫ್ರೀ’, ಅಂದ್ರೆ ಧಾನ್ಯ ಹಾಕದ ನಾಯಿ ಆಹಾರದ ಚೀಲ ಮುಂದಿಡ್ತಾರೆ. ನಮ್ಮತ್ತೆ ನೋಡಿದ್ರೆ, ‘ನಮ್ಮೂರಲ್ಲಿ ನಾಯಿಗಳು ಹಾಲು-ಅನ್ನದಲ್ಲೇ ಬೆಳೀಲಿಲ್ವಾ’ ಅಂತಾರೆ. ಯಾರ ಮಾತು ಕೇಳಲಿ?

ಬನಶಂಕರಿಯಿಂದ

ಸದ್ಯಕ್ಕೆ ಇಬ್ಬರ ಮಾತನ್ನೂ ಬದಿಗಿಡಿ. ಚೀಲ ತಿರುಗಿಸಿ ಹಿಂಭಾಗ ಓದಿ. ಮುಂಭಾಗದ ಕೋಳಿ ತೊಡೆ, ಕ್ಯಾರೆಟ್ಟು, ಹೊಳೆಯೋ ಮೈಯ ಲ್ಯಾಬ್ರಡಾರ್ ಎಲ್ಲ ಜಾಹೀರಾತು. ಹಿಂದೆ ಮೊದಲು ಹುಡುಕಬೇಕಾದ್ದು ಒಂದು ಸಾಲು: ಇದು ಪಪ್ಪಿಗಳಿಗೆ, ಅಂದ್ರೆ ಬೆಳವಣಿಗೆಯ ವಯಸ್ಸಿಗೆ, ಸಂಪೂರ್ಣ ಮತ್ತು ಸಮತೋಲಿತ ಆಹಾರ ಅಂತ ಬರೆದಿದೆಯಾ? ‘ಪೂರಕ ಆಹಾರ’ ಅಂತ ಇದ್ರೆ ಅದು ಊಟವಲ್ಲ, ಮೇಲೋಗರ. ಗ್ರೇವಿ ಪೌಚುಗಳಲ್ಲಿ ಕೆಲವು ಈ ಜಾತಿಯವೇ, ನೋಡಿ ತಗೊಳ್ಳಿ.

ಅಡಲ್ಟ್ ಚೀಲ ಸ್ವಲ್ಪ ಅಗ್ಗ ಅಂತ ಅದನ್ನ ತರೋಕೆ ಹೋಗಬೇಡಿ. ಬಹಳಷ್ಟು ಕಂಪನಿಗಳು ಪ್ರಾಣಿಗಳ ಆಹಾರಕ್ಕೆ ಅಳತೆ ಗೊತ್ತುಮಾಡೋ ಅಮೆರಿಕದ ಆಫ್ಕೋ (AAFCO) ಸಂಸ್ಥೆಯ ಲೆಕ್ಕ ಹಿಡಿದೇ ಆಹಾರ ತಯಾರಿಸೋದು. ಅದರ ಪ್ರಕಾರ, ನೀರಿನಂಶ ಕಳೆದು ಲೆಕ್ಕ ಹಾಕಿದಾಗ, ಮರಿಗೆ ಕನಿಷ್ಠ 22.5% ಪ್ರೋಟೀನು, 8.5% ಕೊಬ್ಬು ಬೇಕು. ಬೆಳೆದ ನಾಯಿಗೆ 18 ಮತ್ತು 5.5 ಸಾಕು. ಕ್ಯಾಲ್ಸಿಯಂ ವಿಷಯದಲ್ಲೂ ಇದೇ ಥರ ವ್ಯತ್ಯಾಸ ಇದೆ. ಮರಿ ಅಂದ್ರೆ ಅಳತೆಯಲ್ಲಿ ಚಿಕ್ಕ ನಾಯಿ ಅಂತಲ್ಲ, ಅದರ ಬೇಡಿಕೆಯೇ ಬೇರೆ.

ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತೆ. ‘ಚಿಕನ್ ಮೀಲ್’ ಅಂತ ಕಂಡ ತಕ್ಷಣ ಮೂಗು ಮುರೀಬೇಡಿ. ಅದು ನೀರು, ಕೊಬ್ಬು ತೆಗೆದು ಪುಡಿ ಮಾಡಿದ ಕೋಳಿ. ಹಸಿ ಚಿಕನ್ನಿನಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ನೀರೇ ಇರೋದ್ರಿಂದ ಪಟ್ಟಿಯಲ್ಲಿ ಅದು ಮೊದಲು ಬಂದು ಕೂತ್ಕೊಳ್ಳುತ್ತೆ, ಅಷ್ಟೇ. ನನ್ನ ಅನುಮಾನ ಶುರುವಾಗೋದು ಯಾವ ಪ್ರಾಣಿ ಅಂತಲೇ ಹೇಳದೆ ಬರೀ ‘ಮಾಂಸ ಉತ್ಪನ್ನಗಳು’ ಅಂತ ಬರೆದಾಗ.

ಈಗ ದುಡ್ಡಿನ ವಿಷಯ. ಚೀಲದ ಬೆಲೆ ನೋಡಬೇಡಿ, ದಿನದ ಖರ್ಚು ನೋಡಿ. ವೆಟ್‌ಗಳು ಹಾಕೋ ಲೆಕ್ಕದ ಪ್ರಕಾರ ನಾಲ್ಕು ತಿಂಗಳೊಳಗಿನ ನಾಲ್ಕು ಕಿಲೋ ಮರಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು. ಒಂದು ಚೀಲ ಕಿಲೋಗೆ 220 ರೂಪಾಯಿ, ಅದರಲ್ಲಿ 3,200 ಕ್ಯಾಲೊರಿ ಅಂತಿಟ್ಕೊಳ್ಳಿ: ದಿನಕ್ಕೆ 188 ಗ್ರಾಂ ಹಾಕಬೇಕು, 41 ರೂಪಾಯಿ. ಇನ್ನೊಂದು 280 ರೂಪಾಯಿ, ಅದರಲ್ಲಿ 3,900: ಬರೀ 154 ಗ್ರಾಂ ಸಾಕು, 43 ರೂಪಾಯಿ. ಕಿಲೋಗೆ ಅರವತ್ತು ರೂಪಾಯಿ ವ್ಯತ್ಯಾಸ ಅಂತ ಕಂಡಿದ್ದು ತಟ್ಟೆಗೆ ಬರುವಾಗ ಎರಡು ರೂಪಾಯಿ. ಮೇಲಿಂದ ಮರಿಯ ಕಕ್ಕವೂ ಕಡಿಮೆ, ಎತ್ತೋರಿಗೆ ಗೊತ್ತು ಅದರ ಬೆಲೆ.

ಐದಾರು ತಿಂಗಳಿಗೆ ಹತ್ತು ಕಿಲೋ ಆದಾಗ ಸುಮಾರು 790 ಕ್ಯಾಲೊರಿ ಬೇಕಾಗುತ್ತೆ, ತಿಂಗಳಿಗೆ ಆರೂವರೆ ಕಿಲೋ ಚೀಲದ ಊಟ. ಕಿಲೋ ಮುನ್ನೂರರೊಳಗೆ ಆಯ್ಕೊಂಡ್ರೆ ಆಗಲೂ ಎರಡು ಸಾವಿರ ದಾಟಲ್ಲ. ಎಂಟುನೂರರದ್ದು ಈ ತಿಂಗಳೇ ನಾಲ್ಕು ಸಾವಿರ ನುಂಗುತ್ತೆ.

ವಿಜಯನಗರದಿಂದ

ಗ್ರೇನ್ ಫ್ರೀ ಬಗ್ಗೆ ಒಂದು ಮಾತು. ಧಾನ್ಯದಿಂದ ನಾಯಿಗೆ ತೊಂದರೆ ಅನ್ನೋದು ಬಹುಪಾಲು ಮಾರಾಟದ ಮಾತು. ಅಕ್ಕಿ, ಜೋಳ ಬೇಯಿಸಿ ಕೊಟ್ರೆ ನಾಯಿ ಚೆನ್ನಾಗೇ ಅರಗಿಸಿಕೊಳ್ಳುತ್ತೆ. ತೋಳಕ್ಕಿಂತ ನಾಯಿಗೆ ಪಿಷ್ಟ ಜೀರ್ಣಿಸೋ ಶಕ್ತಿ ಜಾಸ್ತಿ ಅನ್ನೋದು ಜೀನ್ ಮಟ್ಟದಲ್ಲೇ 2013ರಲ್ಲಿ ಸ್ವೀಡನ್ನಿನ ಸಂಶೋಧಕರಿಗೆ ಸಿಕ್ಕಿದೆ. ಅದಿರಲಿ, ಅಮೆರಿಕದ ಆಹಾರ-ಔಷಧಿ ಸಂಸ್ಥೆ ಎಫ್‌ಡಿಎ 2018ರಲ್ಲಿ ಬಟಾಣಿ, ಬೇಳೆ, ಆಲೂಗಡ್ಡೆ ತುಂಬಿದ ಇಂಥ ಆಹಾರಗಳಿಗೂ ಹೃದಯದ ಸ್ನಾಯು ಹಿಗ್ಗೋ ಕಾಯಿಲೆಗೂ ನಂಟಿದೆಯಾ ಅಂತ ತನಿಖೆ ಶುರುಮಾಡ್ತು. ಖಚಿತ ತೀರ್ಮಾನ ಬರಲಿಲ್ಲ. ಆದರೂ ಎರಡೂವರೆ ಪಟ್ಟು ದುಡ್ಡು ಕೊಟ್ಟು ಈ ಅನುಮಾನ ಮನೆಗೆ ತರೋದ್ಯಾಕೆ?

ಫ್ರೇಜರ್ ಟೌನಿನಿಂದ

ಅಗ್ಗ ಅಂತ ನಾಯಿ ಆಹಾರದ ಒಣ ಕಾಳನ್ನ ಲೂಸಾಗಿ ಮಾತ್ರ ತರಬೇಡಿ ಮೇಡಂ. ನಮ್ಮ ಕಡೆ, ಶಿವಾಜಿನಗರದ ಕಡೆ ಕೆಲವು ಅಂಗಡಿಗಳಲ್ಲಿ ದೊಡ್ಡ ಚೀಲ ಬಿಚ್ಚಿ ಕಿಲೋ ಲೆಕ್ಕದಲ್ಲಿ ತೂಗಿ ಪಾರದರ್ಶಕ ಕವರಿಗೆ ಹಾಕಿ ಕೊಡ್ತಾರೆ. ಯಾವ ಬ್ಯಾಚು, ಯಾವಾಗ ಮಾಡಿದ್ದು, ಯಾವಾಗ ಬಿಚ್ಚಿದ್ದು, ಒಂದೂ ಗೊತ್ತಾಗಲ್ಲ. ಕಾಳಿನ ಮೇಲೆ ಕೊಬ್ಬು ಸವರಿರ್ತಾರೆ. ಗಾಳಿ ತಾಗಿದ ಮೇಲೆ ಅದು ಕೆಡುತ್ತೆ. ಒಂದು ಹಿಡಿ ತಗೊಂಡು ಮೂಗಿನ ಹತ್ತಿರ ಹಿಡೀರಿ. ಒಳ್ಳೇದಾದ್ರೆ ಒಣ ಮೀನು-ಕೋಳಿ ಪುಡಿ ವಾಸನೆ, ಕೆಟ್ಟಿದ್ರೆ ಹಳೇ ಕೊಬ್ಬರಿ ಎಣ್ಣೆಯ ಕಮಟು. ಬೆರಳಲ್ಲಿ ಮುರಿದ್ರೆ ಟಕ್ ಅನ್ನಬೇಕು. ಮೆತ್ತಗೆ ಬಾಗಿದ್ರೆ ತೇವ ಹಿಡಿದಿದೆ ಅಂತ ಅರ್ಥ. ಮಳೆಗಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತೆ, ಬೂಷ್ಟಿನ ವಿಷ ಸೀದಾ ಲಿವರಿಗೆ ಹೊಡೆಯುತ್ತೆ.

ನಾನು ಮಾಡೋದು ಇಷ್ಟು: ಸೀಲ್ ಇರೋ ಹತ್ತು ಕಿಲೋ ಚೀಲ ತಂದು ಪಕ್ಕದ ಮನೆಯವರ ಜೊತೆ ಅರ್ಧ ಹಂಚ್ಕೊಳ್ತೀನಿ. ಚಿಕ್ಕ ಪ್ಯಾಕಿಗಿಂತ ಕಿಲೋಗೆ ಚೆನ್ನಾಗೇ ಉಳಿಯುತ್ತೆ. ಡಬ್ಬಿಗೆ ಸುರಿಯಲ್ಲ, ಚೀಲದ ಸಮೇತ ಬಾಯಿ ಸುತ್ತಿ ಡಬ್ಬಿಯೊಳಗೆ ಇಡ್ತೀನಿ. ಇರುವೆ ಬರಲ್ಲ, ದಿನಾಂಕವೂ ಕಣ್ಣ ಮುಂದೆ ಇರುತ್ತೆ. ‘ಎಕ್ಸ್‌ಪೈರಿ ಹತ್ರ ಇದೆ, ಅರ್ಧ ಬೆಲೆ’ ಅಂದ್ರೆ ಒಂದು ತಿಂಗಳಲ್ಲಿ ಖಾಲಿಯಾಗೋಷ್ಟು ಮಾತ್ರ ತಗೊಳ್ಳಿ.

ಮಲ್ಲೇಶ್ವರದಿಂದ

ಇಷ್ಟೊಂದು ಗಣಿತ ಬೇಕೇನ್ರೀ ನಾಯಿಗೆ? ನಮ್ಮ ಮನೆಯಲ್ಲಿ ನಾನು ಹುಡುಗನಾಗಿದ್ದಾಗಿಂದ ನಾಯಿಗಳಿವೆ. ಬೆಳಿಗ್ಗೆ ರಾಗಿ ಗಂಜಿ, ಮಧ್ಯಾಹ್ನ ಮೊಸರನ್ನ, ರಾತ್ರಿ ಉಳಿದದ್ದು. ಒಂದಕ್ಕೂ ಏನೂ ಆಗಲಿಲ್ಲ, ಚೆನ್ನಾಗಿ ಬಾಳಿ ಹೋದವು. ಶ್ರೀನಗರದವರೇ, ನಿಮ್ಮ ಅತ್ತೆಯವರು ಹೇಳೋದ್ರಲ್ಲಿ ತಪ್ಪಿಲ್ಲ.

ಹೆಬ್ಬಾಳದಿಂದ

ಸರ್, ನಿಮ್ಮ ಕಾಲದ ನಾಯಿಗಳು ಹಗಲೆಲ್ಲ ಬೀದಿ ಸುತ್ತಿ ಇಲಿ, ಮೀನಿನ ತಲೆ, ಕಟುಕರ ಅಂಗಡಿಯ ಚೂರು ತಿಂದು ಬರ್ತಿದ್ವು. ಮನೆಯ ಮೊಸರನ್ನ ಅದರ ಮೇಲೆ ಸಿಗ್ತಿದ್ದದ್ದು. ಈಗಿನ ಮರಿ ಗೇಟಿನೊಳಗೇ ಇರುತ್ತೆ, ನಾವು ಹಾಕಿದ್ದು ಬಿಟ್ರೆ ಅದಕ್ಕೆ ಬೇರೆ ಗತಿಯಿಲ್ಲ. ನಾನು ಸಣ್ಣ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಕೆಲಸ ಮಾಡೋನು. ಕಾಲು ಸೊಟ್ಟಗಾದ ಮರಿ ಬಂದ್ರೆ ನಾವು ಮೊದಲು ಕೇಳೋದೇ ‘ಏನು ಹಾಕ್ತೀರಿ’ ಅಂತ. ಉತ್ತರ ಎರಡರಲ್ಲಿ ಒಂದು: ಬರೀ ಅನ್ನ-ಹಾಲು, ಇಲ್ಲಾ ಬರೀ ಅನ್ನ-ಚಿಕನ್. ಚಿಕನ್ ಹಾಕೋರಿಗೆ ಇದು ನಂಬೋಕೇ ಆಗಲ್ಲ. ಮೂಳೆಯಿಲ್ಲದ ಮಾಂಸದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಮೈ ಅದನ್ನ ಮೂಳೆಯಿಂದಲೇ ಕೀಳುತ್ತೆ. ಮೂಳೆ ತೆಳುವಾಗಿ ಬಾಗುತ್ತೆ, ಸೋಫಾದಿಂದ ಹಾರಿದ್ರೂ ಮುರಿಯುತ್ತೆ.

ಹಾಲಿನ ವಿಷಯ: ತಾಯಿ ಹಾಲು ಬಿಟ್ಟ ಮೇಲೆ ಬಹಳ ಮರಿಗಳಿಗೆ ಲ್ಯಾಕ್ಟೋಸ್ ಅರಗಲ್ಲ, ಲೂಸ್ ಮೋಷನ್ ಆಗುತ್ತೆ. ಒಂದೆರಡು ಚಮಚ ಮೊಸರು ಪರವಾಗಿಲ್ಲ.

ಶ್ರೀನಗರದಿಂದ

ತುಂಬಾ ಥ್ಯಾಂಕ್ಸ್. ಹಾಗಾದ್ರೆ ರಾಗಿ? ಅದರಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದೆ ಅಂತಾರಲ್ಲ. ಅನ್ನದ ಬದಲು ಅಂಬಲಿ ಹಾಕಿದ್ರೆ ಆಗಲ್ವಾ? ಜೊತೆಗೆ ಮೊಟ್ಟೆ.

ಹೆಬ್ಬಾಳದಿಂದ

ಧಾನ್ಯಗಳ ಪೈಕಿ ರಾಗಿಯೇ ಮೇಲು, ನೂರು ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಆದ್ರೆ ನಿಮ್ಮ ಮರಿಗೆ ದಿನಕ್ಕೆ 1,800 ಮಿಲಿಗ್ರಾಂ ಹತ್ತಿರ ಬೇಕು. ರಾಗಿಯಿಂದಲೇ ತುಂಬಿಸೋಕೆ ಅರ್ಧ ಕಿಲೋ ಹಿಟ್ಟು ತಿನ್ನಿಸಬೇಕು. ಅಷ್ಟರಲ್ಲಿ 1,600 ಕ್ಯಾಲೊರಿ ಮೇಲಾಯ್ತು, ಮರಿಗೆ ಬೇಕಾದ್ದು 600. ರಾಗಿಯ ಫೈಟೇಟ್ ಅನ್ನೋ ಅಂಶ ಇರೋ ಕ್ಯಾಲ್ಸಿಯಮ್ಮನ್ನೂ ಪೂರ್ತಿ ಮೈಗೆ ಹತ್ತೋಕೆ ಬಿಡಲ್ಲ. ಹಾಗಾಗಿ ರಾಗಿ ರುಚಿಗೆ, ಬದಲಾವಣೆಗೆ ಸರಿ. ಮೂಳೆ ಅದರ ಮೇಲೆ ನಿಲ್ಲಲ್ಲ.

ಮೊಟ್ಟೆ ಬಹಳ ಒಳ್ಳೇದು, ಬೇಯಿಸಿ ಕೊಡಿ. ಹಸಿ ಬಿಳಿ ಬಯೋಟಿನ್ ಅನ್ನೋ ವಿಟಮಿನ್ನನ್ನ ಕಟ್ಟಿಹಾಕುತ್ತೆ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಬೇರೆ. ಒಂದು ಮೊಟ್ಟೆ ಅಂದ್ರೆ ಎಪ್ಪತ್ತು ಕ್ಯಾಲೊರಿ ಹತ್ತಿರ. ಚೀಲದ ಊಟದ ಮೇಲೆ ಹೊರಗಿನದ್ದು ಹತ್ತನೇ ಒಂದು ಪಾಲು ಮೀರಬಾರದು ಅನ್ನೋ ರೂಢಿಯಿದೆ. ಆ ಲೆಕ್ಕದಲ್ಲಿ ಈಗ ದಿನಕ್ಕೆ ಮುಕ್ಕಾಲು ಮೊಟ್ಟೆ. ಒಂದೇ ಹಾಕಿಬಿಡಿ, ಆಕಾಶವೇನೂ ಬೀಳಲ್ಲ, ಆದ್ರೆ ಆವತ್ತು ಬೇರೆ ಏನೂ ಬೇಡ.

ಸಂಪೂರ್ಣ ಆಹಾರ ಕೊಡ್ತಿದ್ರೆ ಕ್ಯಾಲ್ಸಿಯಂ ಸಿರಪ್ಪು, ಮೊಟ್ಟೆ ಸಿಪ್ಪೆ ಪುಡಿ ಯಾವುದೂ ಹಾಕಬೇಡಿ. ಚಿಕ್ಕ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಮ್ಮನ್ನ ತಡೆಯೋ ಶಕ್ತಿ ಇನ್ನೂ ಬಂದಿರಲ್ಲ. ಲ್ಯಾಬ್, ಜರ್ಮನ್ ಶೆಫರ್ಡ್, ಗ್ರೇಟ್ ಡೇನ್ ಸಾಕಿರೋರಿಗೆ ಇದು ಇನ್ನೂ ಜೋಪಾನದ ವಿಷಯ. ಅವರು ‘ಲಾರ್ಜ್ ಬ್ರೀಡ್ ಪಪ್ಪಿ’ ಅಂತಿರೋದನ್ನೇ ತಗೊಳ್ಳಬೇಕು. ನಿಮ್ಮ ಇಂಡಿಗೆ, ಅಂದ್ರೆ ನಮ್ಮ ಬೀದಿ ತಳಿಯ ಮರಿಗೆ, ಸಾಮಾನ್ಯ ಪಪ್ಪಿ ಚೀಲ ಸಾಕು.

ರಾಜರಾಜೇಶ್ವರಿ ನಗರದಿಂದ

ನಾನು ಬೀದಿಮರಿಗಳನ್ನ ಮನೆಗೆ ತಂದು, ದತ್ತು ಹೋಗೋವರೆಗೂ ನೋಡ್ಕೊಳ್ತೀನಿ. ಒಂದೇ ಸಲಕ್ಕೆ ನಾಲ್ಕೈದು ಬಾಯಿ ಇರೋದ್ರಿಂದ ಬಜೆಟ್ಟು ಅಂದ್ರೇನು ಅಂತ ನನ್ನ ಕೇಳಿ! ನನ್ನ ಲೆಕ್ಕದಲ್ಲಿ ಊಟದ ದುಡ್ಡು ಪೋಲಾಗೋ ದೊಡ್ಡ ದಾರಿ ಜಂತುಹುಳು. ಹೊಟ್ಟೆ ಗುಡಾಣದ ಥರ ಊದಿ, ಬೆನ್ನುಮೂಳೆ ಕೈಗೆ ಚುಚ್ಚುತ್ತಿದ್ರೆ ಯಾವ ಬ್ರ್ಯಾಂಡ್ ಹಾಕಿದ್ರೂ ತಿನ್ನೋದು ಹುಳುವೇ. ಎರಡು ವಾರಕ್ಕೊಂದು ಸಲ, ಮೂರು ತಿಂಗಳು ತುಂಬೋವರೆಗೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಂದು ಸಲ ಔಷಧಿ, ಡಾಕ್ಟರ್ ತೂಕ ನೋಡಿ ಹೇಳಿದಷ್ಟು. ಖಾಸಗಿ ಕ್ಲಿನಿಕ್ ಕೈ ಸುಡುತ್ತೆ ಅಂದ್ರೆ ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೆ ಇದೆ, ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಇದೆ. ಕಾಯಬೇಕಾಗುತ್ತೆ, ಬೆಳಿಗ್ಗೆ ಬೇಗ ಹೋಗಿ.

ಈಗ ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ, ನಾಲ್ಕು ತಿಂಗಳಾದ ಮೇಲೆ ಮೂರು, ಆರಾದ ಮೇಲೆ ಎರಡು. ಹಲ್ಲು ಬರೋವಾಗ ಬೆಚ್ಚನೆ ನೀರಲ್ಲಿ ಹತ್ತು ನಿಮಿಷ ನೆನೆಸಿ. ನೆನೆಸಿದ್ದು ಮಿಕ್ಕಿದ್ರೆ ಎತ್ತಿಬಿಡಿ, ಮುಂದಿನ ಊಟಕ್ಕೆ ಇಡಬೇಡಿ. ಹಳೇ ಊಟದಿಂದ ಹೊಸದಕ್ಕೆ ಒಂದು ವಾರ ತಗೊಂಡು ಬದಲಾಯಿಸಿ: ಮೊದಲು ಕಾಲು ಭಾಗ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಬೆಲೆ ಕಡಿಮೆ ಸಿಕ್ತು ಅಂತ ತಿಂಗಳಿಗೊಂದು ಬ್ರ್ಯಾಂಡ್ ಹಾರೋರ ಮನೇಲಿ ಉಳಿದ ದುಡ್ಡು ಭೇದಿ ಮಾತ್ರೆಗೇ ಹೋಗುತ್ತೆ.

ಚೀಲದ ಮೇಲಿನ ಗ್ರಾಂ ಪಟ್ಟಿ ಬರೀ ಅಂದಾಜು. ಪಕ್ಕೆ ಮೇಲೆ ಅಂಗೈ ಸವರಿ: ಪಕ್ಕೆಲುಬು ಕೈಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ವಾರಕ್ಕೊಂದು ಸಲ ಮರಿಯನ್ನ ಎತ್ಕೊಂಡು ತೂಕದ ಮಿಷನ್ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆದುಬಿಡಿ.

ಒಂದು ಎಚ್ಚರಿಕೆ. ವಾಂತಿ, ನಾರೋ ಭೇದಿ ಅಥವಾ ಭೇದಿಯಲ್ಲಿ ರಕ್ತ, ಮರಿ ಮೂಲೆ ಸೇರಿ ಮಂಕಾಗಿದ್ರೆ ಊಟ ಒಗ್ಗಲಿಲ್ಲ ಅಂತ ಮಜ್ಜಿಗೆ ಕುಡಿಸ್ತಾ ಕೂರಬೇಡಿ. ಅದು ಪಾರ್ವೋ ಅನ್ನೋ ವೈರಸ್ ಕಾಯಿಲೆ ಇರಬಹುದು, ಆ ಗಳಿಗೆಗೇ ಆಸ್ಪತ್ರೆಗೆ ಹೊರಡಿ.

ಶ್ರೀನಗರದಿಂದ

ಎಲ್ಲರಿಗೂ ಕೈಮುಗಿದೆ. ಇವತ್ತು ಗಾಂಧಿ ಬಜಾರ್ ಹತ್ರ ಎರಡು ಅಂಗಡಿ ಸುತ್ತಿ, ಚೀಲಗಳ ಹಿಂಭಾಗ ಓದಿ, ದಿನದ ಖರ್ಚು ಲೆಕ್ಕ ಹಾಕಿ, ಮಧ್ಯಮ ಬೆಲೆಯ ಪಪ್ಪಿ ಚೀಲವೊಂದು ತಂದ್ವಿ. ಮೂರು ಕಿಲೋದ್ದು, ಒಗ್ಗಿದ್ರೆ ಆಮೇಲೆ ದೊಡ್ಡದು. ಮೊಟ್ಟೆ ಅತ್ತೆಯವರ ಜವಾಬ್ದಾರಿ ಆಯ್ತು, ಅವರಿಗೂ ಸಮಾಧಾನ. ಕೊನೇ ಪ್ರಶ್ನೆ: ಹಬ್ಬಕ್ಕೆ ತಿಪಟೂರಿಗೆ ಮರಿ ಸಮೇತ ಹೋಗ್ತಿದ್ದೀವಿ. ಅಲ್ಲಿ ಮನೆ ತುಂಬ ಜನ, ಎಲ್ಲರೂ ಕೈಯಲ್ಲಿದ್ದದ್ದು ಹಾಕೋರೇ. ಏನು ಮಾಡೋದು?

ಬನಶಂಕರಿಯಿಂದ

ಇದೇ ಕಾಳನ್ನ ಒಂದೊಂದು ಹೊತ್ತಿಗೆ ಬೇರೆ ಬೇರೆ ಕವರಿನಲ್ಲಿ ತೂಗಿ ತಗೊಂಡು ಹೋಗಿ. ಮಕ್ಕಳು ಊಟ ಹಾಕ್ತೀವಿ ಅಂತ ಹಟ ಮಾಡಿದ್ರೆ ಆ ಕವರಿನಿಂದಲೇ ನಾಲ್ಕು ಕಾಳು ಕೈಗೆ ಕೊಡಿ. ಮನೆಯವರಿಗೆ ಹೋದ ತಕ್ಷಣ ಹೇಳಿಬಿಡಿ: ಪಾಯಸದ ದ್ರಾಕ್ಷಿ ಬೇಡವೇ ಬೇಡ, ಕಿಡ್ನಿ ಕೆಡಿಸುತ್ತೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಹುಳಿ, ಪಲ್ಯ, ಬಾತು ಯಾವುದೂ ಬೇಡ, ಅವು ರಕ್ತದ ಕೆಂಪು ಕಣಗಳನ್ನ ಒಡೆಯುತ್ತವೆ. ಚಾಕೊಲೇಟ್, ಶುಗರ್ ಫ್ರೀ ಚೂಯಿಂಗ್ ಗಮ್ ಮಕ್ಕಳ ಜೇಬಲ್ಲೇ ಇರಲಿ. ಆ ಗಮ್ಮಿನಲ್ಲಿ ಕ್ಸೈಲಿಟಾಲ್ ಅನ್ನೋ ಸಿಹಿ ಪದಾರ್ಥ ಇದ್ರೆ ಒಂದು ಚೂರು ತಿಂದ್ರೂ ಅಪಾಯ. ಹಬ್ಬದ ಮಾರನೇ ದಿನ ಬಾಡೂಟ ಆದ್ರೆ ಬೆಂದ ಮೂಳೆ ಹಾಕಬಾರದು, ಸೀಳಿ ಕರುಳಿಗೆ ಚುಚ್ಚುತ್ತೆ. ಎಲ್ಲರೂ ನೆಲದ ಮೇಲೆ ಎಲೆ ಹಾಕ್ಕೊಂಡು ಕೂರೋ ಮನೆಯಾದ್ರೆ, ಎಲೆ ಎತ್ತೋವರೆಗೂ ಮರಿಯನ್ನ ಬೇರೆ ರೂಮಲ್ಲಿ ಬಿಟ್ಟು ಬಾಗಿಲು ಹಾಕಿ.