ಒಂಬತ್ತು ಫೋಟೋ ಫ್ರೇಮ್ ಸೇರಿಸಿ ಒಂದೇ ತುಂಡಾಗಿ ಗೋಡೆಗೆ ಹಾಕುವುದು ಹೇಗೆ?

ನೀಲಿಗೋಡೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಒಂದೇ ಅಳತೆಯ ಒಂಬತ್ತು ಫೋಟೋ ಫ್ರೇಮ್ ಇವೆ. ಮರದವು, ಕಪ್ಪು ಬಣ್ಣ, 30×40 ಸೆಂ.ಮೀ. ಫೋಟೋ ಕೂರುತ್ತದೆ, ಮುಂದೆ ಗಾಜಿದೆ. ಫ್ರೇಮಿನ ಪಟ್ಟಿ 20 ಮಿ.ಮೀ. ಅಗಲ, ದಪ್ಪವೂ ಅಷ್ಟೇ. ಇವನ್ನು ಸಾಲಿಗೆ ಮೂರರಂತೆ ಮೂರು ಸಾಲು ಸೇರಿಸಿ ಒಂದೇ ದೊಡ್ಡ ತುಂಡು ಮಾಡಬೇಕು ಅಂತ ಆಸೆ. ಒಂದೊಂದನ್ನೇ ನೇತುಹಾಕಿದರೆ ಗೋಡೆ ತುಂಬಾ ತೂತು ಆಗುತ್ತದೆ, ಇರುವುದು ಬಾಡಿಗೆ ಮನೆ. ಅದೂ ಅಲ್ಲದೆ ಯಾರಾದರೂ ಬಾಗಿಲು ಜೋರಾಗಿ ಹಾಕಿದಾಗಲೆಲ್ಲ ಒಂದೊಂದು ಒಂದೊಂದು ಕಡೆ ವಾಲುತ್ತದೆ, ಅದನ್ನು ಸರಿ ಮಾಡುತ್ತಾ ಕೂರುವುದು ಬೇಡ.

ಪಕ್ಕಪಕ್ಕದ ಅಂಚಿಗೆ ಮರದ ಗಮ್ ಹಚ್ಚಿ ಒತ್ತಿ ಅಂಟಿಸಿದರೆ ಸಾಕಾ? ಅಥವಾ ಹಿಂದೆ ಏನಾದರೂ ಕೊಡಬೇಕಾ? ಒಂದು ಮಾತು, ಫೋಟೋಗಳನ್ನು ಆಗಾಗ ಬದಲಿಸುವ ಅಭ್ಯಾಸ ನನಗಿದೆ, ಹಾಗಾಗಿ ಹಿಂದಿನ ಹಲಗೆ ತೆಗೆಯಲು ಬರಲೇಬೇಕು.

ಹಳೇಮಂಚ

ಗಮ್ ಬೇಡ. ಮರದ ಗಮ್ ಹಿಡಿಯುವುದು ಬರೀ ಮರವನ್ನು. ನಿಮ್ಮ ಫ್ರೇಮಿಗೆ ಬಣ್ಣ ಬಳಿದಿದೆ, ಗಮ್ ಬಣ್ಣಕ್ಕೆ ಅಂಟುತ್ತದೆ, ಭಾರ ಬಿದ್ದಾಗ ಬಣ್ಣವೇ ಸಿಪ್ಪೆ ಎದ್ದು ಬರುತ್ತದೆ. ಬಣ್ಣ ಕೆರೆದು ಅಂಟಿಸಿದರೆ ಗಟ್ಟಿಯಾಗುತ್ತದೆ ನಿಜ, ಆದರೆ ಆಮೇಲೆ ಒಂದು ಗಾಜು ಒಡೆದರೂ ಒಂಬತ್ತನ್ನೂ ಇಳಿಸಬೇಕು, ಒಂದು ಫ್ರೇಮ್ ಹಾಳಾದರೆ ಬಿಡಿಸಲು ಆಗುವುದೇ ಇಲ್ಲ.

ಹಿಂದಿನಿಂದ ಸ್ಟೀಲ್ ಪಟ್ಟಿ ಹಾಕಿ. ಎರಡು ಅಥವಾ ನಾಲ್ಕು ತೂತು ಇರುವ ಚಪ್ಪಟೆ ಪಟ್ಟಿ ಸಿಗುತ್ತದಲ್ವಾ, ಅದೇ. ಎರಡು ಫ್ರೇಮ್ ಸೇರುವ ಕಡೆ ಅಡ್ಡಲಾಗಿ ಇಟ್ಟು ಆ ಕಡೆ ಒಂದು ಈ ಕಡೆ ಒಂದು ಸ್ಕ್ರೂ. ಬೇಡವಾದಾಗ ಬಿಚ್ಚಬಹುದು.

ಉಳಿ_ಸುತ್ತಿಗೆ

ಹಳೇಮಂಚ ಅವರು ಗಮ್ ಬಗ್ಗೆ ಹೇಳಿದ್ದು ಸರಿ. ಆದರೆ ಬರೀ ಸ್ಟೀಲ್ ಪಟ್ಟಿ ಮೂರು ಫ್ರೇಮಿನ ಒಂದು ಸಾಲಿಗೆ ಸಾಕು, ಮೂರು ಸಾಲಿಗೆ ಸಾಲದು. ಯಾಕೆ ಅಂತ ಹೇಳುತ್ತೇನೆ, ಇದನ್ನು ತಿಳಿದುಕೊಂಡರೆ ಮಿಕ್ಕಿದ್ದೆಲ್ಲ ತಾನಾಗಿ ಹೊಳೆಯುತ್ತದೆ.

ಮೊದಲು ತೂಕ ನೋಡಿ. 2 ಮಿ.ಮೀ. ಗಾಜು ಒಂದು ಚದರ ಮೀಟರಿಗೆ 5 ಕೆ.ಜಿ. ತೂಗುತ್ತದೆ. ನಿಮ್ಮ ಒಂದು ಗಾಜು 600 ಗ್ರಾಂ, ಒಂಬತ್ತಕ್ಕೆ 5.4 ಕೆ.ಜಿ. ಮರ, ಹಿಂದಿನ ಹಲಗೆ ಎಲ್ಲ ಸೇರಿದರೆ ಹೆಚ್ಚುಕಡಿಮೆ 11–12 ಕೆ.ಜಿ. ಆಗುತ್ತದೆ ಅಂತ ಇಟ್ಟುಕೊಳ್ಳಿ.

ಈಗ ಮೇಲಿನ ಸಾಲನ್ನು ಗೋಡೆಗೆ ಸಿಕ್ಕಿಸಿ, ಉಳಿದ ಎರಡು ಸಾಲನ್ನು ಪಟ್ಟಿಯಿಂದ ಅದಕ್ಕೆ ಜೋತುಬಿಟ್ಟರೆ ಏನಾಗುತ್ತದೆ? ಕೆಳಗಿನ ಆರು ಫ್ರೇಮಿನ ಭಾರವೆಲ್ಲ ಮೇಲಿನ ಮೂರು ಫ್ರೇಮಿನ ಕೆಳಪಟ್ಟಿಯ ಮೇಲೆ ಬೀಳುತ್ತದೆ. ಆ ಕೆಳಪಟ್ಟಿ ನಿಂತಿರುವುದು ಎರಡು ಮೂಲೆಗಳ ಜೋರಿನಲ್ಲಿ. ಆ ಮೂಲೆಯೋ, 45 ಡಿಗ್ರಿ ಕತ್ತರಿಸಿ ಗಮ್ ಹಾಕಿ ಹಿಂದಿನಿಂದ ಸಣ್ಣ ಪಿನ್ ಹೊಡೆದದ್ದು. ಒಂದು ಗಾಜು, ಒಂದು ಫೋಟೋ ಹೊರಲು ಮಾಡಿದ ಜೋಡಣೆ ಅದು. ಕೆಳಕ್ಕೆ ಎಳೆತ ಬಿದ್ದರೆ ದಿನ ಕಳೆದಂತೆ ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸುತ್ತದೆ, ಆಮೇಲೆ ಬಾಯಿ ಬಿಡುತ್ತದೆ. ಸ್ಟೀಲ್ ಪಟ್ಟಿ, ಸ್ಕ್ರೂ ಎಲ್ಲ ಗಟ್ಟಿಯಾಗಿಯೇ ಇರುತ್ತವೆ, ಬಿಟ್ಟುಕೊಳ್ಳುವುದು ಫ್ರೇಮೇ.

ಹಾಗಾಗಿ ಭಾರ ಹೊರುವ ಕೆಲಸವನ್ನು ಫ್ರೇಮಿಗೆ ಕೊಡಲೇಬಾರದು. ಹಿಂದೆ ಮೇಲಿನಿಂದ ಕೆಳಗಿನವರೆಗೆ ಮರದ ರೀಪರ್, ಅಂದರೆ ಉದ್ದನೆಯ ಕಿರಿದಾದ ಮರದ ಪಟ್ಟಿ, ಕೊಡಿ. ನಾಲ್ಕು ಬೇಕು. ಮಧ್ಯದ ಎರಡು ಸಂದುಗಳ ಮೇಲೆ ಒಂದೊಂದು, ಎಡಬಲದ ಕೊನೆಯ ಅಂಚಿಗೆ ಒಂದೊಂದು. ಪ್ರತಿ ಫ್ರೇಮನ್ನೂ ಅದರ ಎರಡು ನಿಂತ ಪಟ್ಟಿಗಳಿಂದ ರೀಪರಿಗೆ ಸ್ಕ್ರೂ ಮಾಡಿ. ಆಗ ಒಂದೊಂದು ಫ್ರೇಮೂ ತನ್ನ ಭಾರವನ್ನು ನೇರವಾಗಿ ರೀಪರಿಗೆ ದಾಟಿಸುತ್ತದೆ, ಮೇಲಿನದರ ಮೇಲೆ ಕೆಳಗಿನದರ ಭಾರ ಬೀಳುವುದಿಲ್ಲ. ಸ್ಟೀಲ್ ಪಟ್ಟಿ ಬೇಕಾದರೆ ಸಾಲುಗಳ ನಡುವೆ ಒಂದೊಂದು ಹಾಕಿ, ಅದು ಮುಖ ಸಮವಾಗಿ ನಿಲ್ಲಲು ಮಾತ್ರ.

ಅಳತೆಯಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಪಟ್ಟಿ ಮುಂದಿನಿಂದ 20 ಮಿ.ಮೀ. ಕಂಡರೂ ಹಿಂದೆ ಅಷ್ಟು ಇರಲ್ಲ. ಗಾಜು ಕೂರಲು ಒಳಗೆ ಒಂದು ಮೆಟ್ಟಿಲು ತೆಗೆದಿರುತ್ತಾರೆ, ಸಾಮಾನ್ಯವಾಗಿ 6 ಮಿ.ಮೀ. ಅದಕ್ಕೇ ಹೋಗುತ್ತದೆ. ಉಳಿಯುವುದು 14. ಎರಡು ಫ್ರೇಮ್ ಸೇರಿದರೆ 28. ಅದಕ್ಕಿಂತ ಅಗಲದ ರೀಪರ್ ಹಾಕಿದರೆ ಹಿಂದಿನ ಹಲಗೆಯನ್ನು ಹಿಡಿದಿರುವ ತಗಡಿನ ನಾಲಿಗೆಗಳ ಮೇಲೆ ಕೂತುಬಿಡುತ್ತದೆ, ನೀವು ಫೋಟೋ ಬದಲಿಸಲು ಆಗಲ್ಲ. ಅಳೆದೇ ತನ್ನಿ.

ರೀಪರ್ 12 ಮಿ.ಮೀ. ದಪ್ಪ ಇದ್ದರೆ ಸ್ಕ್ರೂ 25 ಮಿ.ಮೀ. ಸಾಕು, ಫ್ರೇಮಿನೊಳಗೆ 13 ಹೋಗುತ್ತದೆ, ಮುಂದೆ 7 ಉಳಿಯುತ್ತದೆ. ಇನ್ನೂ ಉದ್ದ ಹಾಕಿದರೆ ಮುಂದಿನ ಬಣ್ಣ ಉಬ್ಬುತ್ತದೆ. 3 ಮಿ.ಮೀ. ಸ್ಕ್ರೂಗೆ ಫ್ರೇಮಿನಲ್ಲಿ ಮೊದಲು 2 ಮಿ.ಮೀ. ಬಿಟ್‌ನಿಂದ ತೂತು ಮಾಡಿ, ರೀಪರಿನಲ್ಲಿ 3 ಮಿ.ಮೀ. ತೂತು. ಹಾಗೆ ಮಾಡದೆ ನೇರ ತಿರುಗಿಸಿದರೆ ಇಷ್ಟು ಸಣ್ಣ ಪಟ್ಟಿ ಸೀಳಿಕೊಳ್ಳುತ್ತದೆ. ಮೂಲೆಯಿಂದ 4–5 ಸೆಂ.ಮೀ. ದೂರ ಇರಲಿ, ಅಲ್ಲಿ ಪಿನ್ ಇರುತ್ತದೆ. ಗಾಜು ತೆಗೆದಿಟ್ಟು ಈ ಕೆಲಸ ಮಾಡಿ.

ನೀಲಿಗೋಡೆ

ಎಷ್ಟು ಬಿಡಿಸಿ ಹೇಳಿದ್ದೀರಿ, ತುಂಬಾ ಧನ್ಯವಾದ. ಈಗಷ್ಟೇ ಅಳೆದೆ, ಹಿಂದೆ 14 ಇದೆ, ನೀವು ಹೇಳಿದ ಹಾಗೇ. ಆದರೆ ಇನ್ನೊಂದು ಕಣ್ಣಿಗೆ ಬಿತ್ತು. ಒಂದೇ ಅಳತೆ ಅಂತ ಮಾರಿದ ಫ್ರೇಮ್‌ಗಳಲ್ಲಿ ಒಂದಕ್ಕೂ ಒಂದಕ್ಕೂ 1–2 ಮಿ.ಮೀ. ವ್ಯತ್ಯಾಸ ಇದೆ. ಪೂರ್ತಿ ಒತ್ತಿ ಜೋಡಿಸಿದರೆ ಒಂದು ಕಡೆ ಕೂಡಿಕೊಂಡು ಇನ್ನೊಂದು ಕಡೆ ಸಂದು ಬಿಡುತ್ತಿದೆ. ಏನು ಮಾಡಲಿ?

ಸರಳರೇಖೆ

ಒತ್ತಿ ಜೋಡಿಸಲೇಬೇಡಿ. ಎಲ್ಲ ಕಡೆ 4 ಮಿ.ಮೀ. ಸಂದು ಬಿಡಿ. ಪೂರ್ತಿ ಕೂಡಿಸಿದ ಕಡೆ ಒಂದು ಮಿ.ಮೀ. ಬಿರುಕು ಕಂಡರೂ ತಪ್ಪಾಗಿ ಕಾಣುತ್ತದೆ, 4 ಮಿ.ಮೀ. ಸಂದಿನಲ್ಲಿ ಅದೇ ಒಂದು ಮಿ.ಮೀ. ಹೆಚ್ಚುಕಡಿಮೆ ಆದರೆ ಕಣ್ಣು ಹಿಡಿಯುವುದಿಲ್ಲ. ಒಂಬತ್ತೂ ಬಿಡಿಬಿಡಿಯಾಗಿ ನಿಂತ ಹಾಗೆ ಕಂಡು ಅಂದವೂ ಜಾಸ್ತಿ. ದಪ್ಪ ರಟ್ಟನ್ನು 4 ಮಿ.ಮೀ. ಆಗುವಷ್ಟು ಪದರ ಮಾಡಿ ಅಂಟಿಸಿ ತುಂಡು ಕತ್ತರಿಸಿಕೊಳ್ಳಿ, ಪ್ರತಿ ಸಂದಿನಲ್ಲೂ ಎರಡೆರಡು ಇಟ್ಟು ಜೋಡಿಸಿ, ಸ್ಕ್ರೂ ಆದಮೇಲೆ ಎಳೆದು ತೆಗೆಯಿರಿ. ಸಂದು ಬಿಟ್ಟ ಮೇಲೆ ಹಿಂದಿನ ಅಗಲ 28 ಹೋಗಿ 32 ಆಗುತ್ತದೆ, ಆಗ ಮಧ್ಯಕ್ಕೆ 30 ಮಿ.ಮೀ. ರೀಪರ್ ಚೆನ್ನಾಗಿ ಕೂರುತ್ತದೆ. ಆ ಸಂದಿನಲ್ಲಿ ರೀಪರ್ ಇಣುಕುತ್ತದೆ, ಆದ್ದರಿಂದ ಹಾಕುವ ಮೊದಲೇ ಅದಕ್ಕೆ ಕಪ್ಪು ಬಣ್ಣ ಬಳಿಯಿರಿ. ಇದನ್ನು ಮರೆತರೆ ಆಮೇಲೆ ಬಿಳಿ ಗೆರೆ ಎದ್ದು ಕಾಣುತ್ತದೆ.

ಜೋಡಿಸುವಾಗ ನೆಲ ಸಮ ಇರಬೇಕು. ಮೆತ್ತನೆ ಕಂಬಳಿ ಬೇಡ, ಫ್ರೇಮ್‌ಗಳು ಒಂದೊಂದು ಒಂದೊಂದು ಆಳಕ್ಕೆ ಇಳಿಯುತ್ತವೆ. ತೆಳ್ಳನೆ ಬೆಡ್‌ಶೀಟ್ ಒಂದೇ ಪದರ ಹಾಸಿ, ಎಲ್ಲ ಫ್ರೇಮ್ ಬೋರಲು ಹಾಕಿ. ಒಂದು ನೇರವಾದ ಉದ್ದ ಪಟ್ಟಿಯನ್ನು ಎಡಕ್ಕೂ ಕೆಳಕ್ಕೂ ತಾಗಿಸಿ ಇಟ್ಟು ಅದಕ್ಕೆ ಒತ್ತಿ ಸಾಲು ಮಾಡುತ್ತಾ ಹೋಗಿ. ಆಮೇಲೆ ಇಡೀ ತುಂಡಿನ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಸಮ ಬಂದರೆ ಸೊಟ್ಟ ಇಲ್ಲ ಅಂತ ಅರ್ಥ. ಮೂಲೆ 90 ಡಿಗ್ರಿ ಇದೆಯಾ ಅಂತ ನೋಡುವ ಮೂಲೆಮಟ್ಟಕ್ಕಿಂತ ಇದನ್ನೇ ನಾನು ನಂಬುವುದು, ಇಷ್ಟು ದೊಡ್ಡದಕ್ಕೆ ಮೂಲೆಮಟ್ಟದ ಕೈ ಗಿಡ್ಡ.

ಕ್ಯಾಮೆರಾಕಣ್ಣು

ನನ್ನ ಅಭಿಪ್ರಾಯ ಬೇರೆ. ಯಾಕೆ ಇಷ್ಟೆಲ್ಲ? ಫ್ರೇಮಿನ ಅಳತೆಗೆ ಹಳೆ ಪೇಪರ್ ಕತ್ತರಿಸಿ ಗೋಡೆಗೆ ಟೇಪ್‌ನಿಂದ ಅಂಟಿಸಿ, ರಸಮಟ್ಟ ಇಟ್ಟು ಸರಿ ಮಾಡಿ, ಪೇಪರಿನ ಮೇಲೇ ಗುರುತು ಹಾಕಿ ಮೊಳೆ ಹೊಡೆಯಬಹುದು. ವಾಲುವುದು ಒಂದೇ ಮೊಳೆಗೆ ನೇತುಹಾಕಿದರೆ. ಪ್ರತಿ ಫ್ರೇಮಿಗೂ ಎರಡು ಮೊಳೆ ಕೊಡಿ, ಕೆಳಗಿನ ಎರಡು ಮೂಲೆಗೆ ಸಣ್ಣ ರಬ್ಬರ್ ಬಿಲ್ಲೆ ಅಂಟಿಸಿ, ಅಲುಗಾಡಲ್ಲ. ಯಾವುದು ಬೇಕೋ ಅದನ್ನು ಮಾತ್ರ ಇಳಿಸಿ ಫೋಟೋ ಬದಲಿಸಬಹುದು. ಜೋಡಿಸಿದ ಮೇಲೆ ಒಂದು ಫೋಟೋಗಾಗಿ 12 ಕೆ.ಜಿ. ಇಳಿಸಬೇಕಲ್ವಾ?

ನೀಲಿಗೋಡೆ

ನಿಮ್ಮ ಮಾತು ಒಪ್ಪುತ್ತೇನೆ, ಸ್ವಂತ ಮನೆ ಆಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ಫ್ರೇಮಿಗೆ ಎರಡರಂತೆ ಹದಿನೆಂಟು ಮೊಳೆ ಆಯ್ತು. ಮನೆ ಬಿಡುವಾಗ ಅಷ್ಟನ್ನೂ ಮುಚ್ಚಿ ಬಣ್ಣ ಹೊಡೆಸಬೇಕು. ಹೊಸ ಮನೆಗೆ ಹೋದಾಗ ಮತ್ತೆ ಮೊದಲಿನಿಂದ ಅಳೆಯುವ ಬದಲು ಇಡೀ ತುಂಡನ್ನೇ ಒಯ್ದು ನೇತುಹಾಕಬೇಕು ಅನ್ನುವುದೇ ನನ್ನ ಆಸೆ. ಇಳಿಸಲು ಮನೆಯಲ್ಲಿ ಇನ್ನೊಬ್ಬರು ಇದ್ದಾರೆ, ತೊಂದರೆ ಇಲ್ಲ.

ಹಾಗಾದರೆ ನೇತುಹಾಕುವುದು ಹೇಗೆ? ಹಿಂದೆ ತಂತಿ ಕಟ್ಟಲಾ?

ಉಳಿ_ಸುತ್ತಿಗೆ

ತಂತಿ ಬೇಡ. ಒಂದು ಮೀಟರ್ ಅಗಲಕ್ಕೆ ತಂತಿ ಕಟ್ಟಿದರೆ ಅದು ಬಹುತೇಕ ಅಡ್ಡಡ್ಡ ನಿಲ್ಲುತ್ತದೆ. ತಂತಿ ಚಪ್ಪಟೆಯಾದಷ್ಟೂ ಎಳೆತ ಜಾಸ್ತಿ. ಅಡ್ಡಗೆರೆಯಿಂದ 30 ಡಿಗ್ರಿ ಇದ್ದರೆ ತಂತಿಯ ಒಂದೊಂದು ಕಡೆಯೂ ಇಡೀ ತೂಕದಷ್ಟೇ ಎಳೆಯುತ್ತದೆ, ಅಂದರೆ 12 ಕೆ.ಜಿ. 10 ಡಿಗ್ರಿಗೆ ಇಳಿದರೆ ಸುಮಾರು 2.9 ಪಟ್ಟು, ಹತ್ತಿರ ಹತ್ತಿರ 35 ಕೆ.ಜಿ. ಎಳೆತ. ಅದೂ ಕೆಳಕ್ಕಲ್ಲ, ಹೆಚ್ಚಿನ ಪಾಲು ಒಳಕ್ಕೆ, ರೀಪರ್‌ಗಳನ್ನು ಒಂದರ ಕಡೆಗೆ ಒಂದು ಬಗ್ಗಿಸುವ ಹಾಗೆ.

ಮಧ್ಯದ ಎರಡು ರೀಪರಿನ ಮೇಲ್ತುದಿಗೆ ಒಂದೊಂದು ಗಟ್ಟಿ ಡಿ ಆಕಾರದ ಕೊಕ್ಕೆ ಹಾಕಿ, ಎರಡು ಸ್ಕ್ರೂ ಹಿಡಿಯುವಂಥದ್ದು. ಗೋಡೆಯಲ್ಲಿ ಎರಡೇ ತೂತು. ಒಂದೊಂದಕ್ಕೆ 6 ಕೆ.ಜಿ. ಬೀಳುತ್ತದೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ 6 ಮಿ.ಮೀ. ಪ್ಲಗ್ (ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ಕೊಳವೆ) ಹಾಕಿ ಸ್ಕ್ರೂ ಬಿಗಿದರೆ ಆರಾಮವಾಗಿ ಹೊರುತ್ತದೆ, ಆದರೆ ಪ್ಲಗ್ ಗಾರೆಯಲ್ಲಿ ಮಾತ್ರ ಇರಬಾರದು, ಗಾರೆ ದಾಟಿ ಇಟ್ಟಿಗೆಗೆ ಹೋಗಬೇಕು. ಜಿಪ್ಸಮ್ ಬೋರ್ಡ್ ಗೋಡೆಯಾದರೆ ಈ ಪ್ಲಗ್ ನಡೆಯಲ್ಲ, ಒಳಗಿನ ಚೌಕಟ್ಟಿಗೆ ಹಿಡಿಸಿ.

ಎರಡೂ ತೂತು ಒಂದೇ ಮಟ್ಟದಲ್ಲಿ ಬರಬೇಕು, ಇದೊಂದಕ್ಕೆ ಎಷ್ಟು ಹೊತ್ತು ಬೇಕಾದರೂ ಕೊಡಿ. ಕೊಕ್ಕೆ ಹಾಕಿದ ಮೇಲೆ ಎರಡರ ನಡುವಿನ ದೂರವನ್ನು ಒಂದು ಪೇಪರ್ ಪಟ್ಟಿಯ ಮೇಲೆ ಗುರುತು ಮಾಡಿ ಅದನ್ನೇ ಗೋಡೆಗೆ ಹಿಡಿಯಿರಿ. ಟೇಪ್ ಓದಿ ಲೆಕ್ಕ ಹಾಕುವುದಕ್ಕಿಂತ ಇದು ವಾಸಿ.

ಫ್ರೆಂಚ್ ಕ್ಲೀಟ್ ಅಂತ ಇನ್ನೊಂದು ದಾರಿ ಇದೆ. ಒಂದು ಹಲಗೆಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ ಒಂದು ಭಾಗ ಗೋಡೆಗೆ, ಇನ್ನೊಂದು ಫ್ರೇಮಿಗೆ. ಮೇಲಿಂದ ಇಳಿಸಿದರೆ ಕಚ್ಚಿಕೊಳ್ಳುತ್ತದೆ, ಎಡಕ್ಕೆ ಬಲಕ್ಕೆ ಸರಿಸಲೂ ಬರುತ್ತದೆ. ತುಂಬಾ ಗಟ್ಟಿ. ಆದರೆ ಅಡ್ಡ ಹಲಗೆ ಮೇಲಿನ ಸಾಲಿನ ಹಿಂಭಾಗವನ್ನು ಅರೆಬರೆ ಮುಚ್ಚುತ್ತದೆ, ಆ ಮೂರು ಫೋಟೋ ಬದಲಿಸಬೇಕಾದರೆ ಹಲಗೆ ಬಿಚ್ಚಬೇಕು. ನಿಮಗೆ ಕೊಕ್ಕೆಯೇ ಒಳ್ಳೆಯದು.

ಹಳೇಮಂಚ

ಇದನ್ನು ಓದುವ ಬೇರೆಯವರಿಗೆ ಒಂದು ಸೇರಿಸುತ್ತೇನೆ. ನಿಮ್ಮ ಫ್ರೇಮ್ ಮರದ್ದಾ ಅಂತ ಮೊದಲು ನೋಡಿ. ಮರದ ಹಾಗೆ ಕಾಣುವ ಎಷ್ಟೋ ಫ್ರೇಮ್ ಪ್ಲಾಸ್ಟಿಕ್, ಪಾಲಿಸ್ಟೈರೀನ್. ಘಾಟು ವಾಸನೆಯ ಅಂಟು ತಾಗಿದರೆ ಕರಗಿ ಹೋಗುತ್ತದೆ, ಸ್ಕ್ರೂ ಕೂಡ ಮರದಲ್ಲಿ ಹಿಡಿದಷ್ಟು ಹಿಡಿಯಲ್ಲ. ಎಂಡಿಎಫ್ (ಮರದ ನಾರನ್ನು ಅಂಟು ಸೇರಿಸಿ ಒತ್ತಿ ಮಾಡಿದ್ದು) ಆದರೆ ತೂತು ಮಾಡಿಯೇ ಸ್ಕ್ರೂ ಹಾಕಿ, ಬಿಗಿ ಆದ ತಕ್ಷಣ ನಿಲ್ಲಿಸಿ, ಒಂದು ಸುತ್ತು ಜಾಸ್ತಿ ಆದರೂ ಒಳಗೆ ಪುಡಿಯಾಗಿ ಹಿಡಿತ ಹೋಗುತ್ತದೆ. ಇವೆರಡಕ್ಕೂ ರೀಪರ್ ಬದಲು ಹಿಂದೆ ಇಡೀ ಪ್ಲೈವುಡ್ ಹಲಗೆ ಕೊಟ್ಟು ಅದರ ಮೇಲೆ ಫ್ರೇಮ್‌ಗಳನ್ನು ಕೂರಿಸುವುದು ಕ್ಷೇಮ. ಆದರೆ ಹಿಂದಿನಿಂದ ಫೋಟೋ ಬದಲಿಸುವ ಆಸೆ ಬಿಡಬೇಕು.

ಭಾರ ಇಳಿಸಬೇಕಾದರೆ ಗಾಜು ತೆಗೆದು ಅಕ್ರಿಲಿಕ್ ಹಾಕಿ. ಅದೇ ದಪ್ಪಕ್ಕೆ ತೂಕ ಅರ್ಧಕ್ಕಿಂತ ಕಡಿಮೆ. ಬೇಗ ಗೀರು ಬೀಳುತ್ತದೆ, ಮೆತ್ತನೆ ಬಟ್ಟೆಯಲ್ಲೇ ಒರೆಸಿ.

ಕ್ಯಾಮೆರಾಕಣ್ಣು

ಜೋಡಿಸುವುದು ಖಚಿತ ಅಂದಮೇಲೆ ಒಂದು ಕೇಳುತ್ತೇನೆ. ಒಂದೇ ದೊಡ್ಡ ಫೋಟೋವನ್ನು ಒಂಬತ್ತಕ್ಕೆ ಹಂಚುವುದಾದರೆ ಪ್ರಿಂಟ್ ಹೇಗೆ ಭಾಗ ಮಾಡಬೇಕು? ಸುಮ್ನೆ ಒಂಬತ್ತು ಸಮಪಾಲು ಮಾಡಿದ್ದನ್ನು ನೋಡಿದ್ದೇನೆ, ಬೆಟ್ಟದ ಗೆರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಹೋಗುವಾಗ ಮುರಿದ ಹಾಗೆ ಕಾಣುತ್ತದೆ.

ಸರಳರೇಖೆ

ಫ್ರೇಮ್ ಮುಚ್ಚುವಷ್ಟು ಚಿತ್ರವನ್ನು ಬಿಟ್ಟುಬಿಡಬೇಕು, ಸರಳು ಹಾಕಿದ ಕಿಟಕಿಯಿಂದ ಹೊರಗೆ ನೋಡಿದ ಹಾಗೆ. ಈ ಫ್ರೇಮಿನ ಲೆಕ್ಕದಲ್ಲಿ ಒಂದು ಚಿತ್ರದ ಕಾಣುವ ಅಂಚಿನಿಂದ ಪಕ್ಕದ ಚಿತ್ರದ ಕಾಣುವ ಅಂಚಿಗೆ 20 + 4 + 20, ಅಂದರೆ 44 ಮಿ.ಮೀ. ಅಷ್ಟು ಅಗಲದ ಪಟ್ಟಿ ಚಿತ್ರದಿಂದ ಕಣ್ಮರೆ ಆಗಬೇಕು. ಆದರೆ ಕಾಗದ ಎರಡೂ ಕಡೆ ಮೆಟ್ಟಿಲಿನೊಳಗೆ 6 ಮಿ.ಮೀ. ಹೋಗಿ ಕೂರುತ್ತದಲ್ವಾ, ಆದ್ದರಿಂದ ಕತ್ತರಿಸಿ ಬಿಸಾಡುವುದು 32 ಮಾತ್ರ. ಅಡ್ಡ ಸಾಲು, ನಿಂತ ಸಾಲು ಎರಡಕ್ಕೂ ಇದೇ ಲೆಕ್ಕ. ಪ್ರಿಂಟ್ ಮಾಡಿಸುವ ಮೊದಲು ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ 44 ಮಿ.ಮೀ. ಅಗಲದ ಕಪ್ಪು ಗೆರೆ ಎಳೆದು ನೋಡಿ. ಯಾರದಾದರೂ ಮುಖ ಅಥವಾ ಕಣ್ಣು ಆ ಗೆರೆಯ ಕೆಳಗೆ ಬಂದರೆ ಇಡೀ ಚಿತ್ರವನ್ನೇ ಸ್ವಲ್ಪ ಪಕ್ಕಕ್ಕೆ ಸರಿಸಿ.