ಒಂದೇ ಪೆಟ್ಟಿಗೆಯ ಸ್ಟೀರಿಯೋ: ಸುಡುವ ಹೀಟ್‌ಸಿಂಕ್, ಹಮ್ಮಿಂಗ್, ಕಾಣೆಯಾದ ಬಾಸ್

ಪ್ರಶ್ನೆ

18 ಎಂಎಂ ಎಂಡಿಎಫ್‌ನ ಒಂದೇ ಪೆಟ್ಟಿಗೆ, ಒಳಗೆ ಅಡ್ಡಗೋಡೆ ಇಲ್ಲ. ಎರಡು ತುದಿಗೂ 4 ಇಂಚಿನ 8 ಓಮ್ ಫುಲ್‌ರೇಂಜ್ ಸ್ಪೀಕರ್, ಮಧ್ಯೆ ಆಂಪ್ಲಿಫೈಯರ್. ಐಸಿ ಎರಡು ಟಿಡಿಎ 2030ಎ, ಟ್ರಾನ್ಸ್‌ಫಾರ್ಮರ್ 12-0-12, 2 ಆಂಪಿಯರ್, ಫಿಲ್ಟರ್‌ಗೆ ಎರಡು 4700 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್.

ವಾಲ್ಯೂಮ್ ಸೊನ್ನೆಗೆ ಇಟ್ಟರೂ ಗುಂಯ್ ಅನ್ನುವ ಹಮ್ಮಿಂಗ್ ಇದೆ. ಅದನ್ನು ಕಡಿಮೆ ಮಾಡಲು ಫೀಡ್‌ಬ್ಯಾಕ್‌ನಲ್ಲಿದ್ದ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿ) 680 ಓಮ್ ರೆಸಿಸ್ಟರ್ ತೆಗೆದು 2.2ಕೆ (2.2 ಕಿಲೋಓಮ್) ಹಾಕಿದೆ, 22ಕೆ ಹಾಗೇ ಇದೆ. ಹಮ್ಮಿಂಗ್ ಇಳಿಯಿತು, ಆದರೆ ಈಗ ಹಾಡೇ ಹಾಕದೆ ಐದು ನಿಮಿಷ ಬಿಟ್ಟರೆ ಐಸಿಯ ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ಮುಟ್ಟಲಾಗುವುದಿಲ್ಲ. ಮೂರನೆಯದು, ಒಂದೇ ಚಾನೆಲ್ ಹಾಡಿಸಿದರೆ ಬಾಸ್ ಚೆನ್ನಾಗಿದೆ, ಎರಡೂ ಸೇರಿದರೆ ಪೊಳ್ಳಾಗುತ್ತದೆ. ಐಸಿ ಬದಲಿಸಬೇಕೇ?

ಉತ್ತರ

ಐಸಿ ಬದಲಿಸಬೇಡಿ, ಅದರದ್ದು ತಪ್ಪಿಲ್ಲ. ಮೊದಲು ಕರೆಂಟ್ ಆಫ್ ಮಾಡಿ 2.2ಕೆ ತೆಗೆಯಿರಿ. ಈ ಐಸಿಯ ಗೇನ್ (ಸಿಗ್ನಲನ್ನು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಎಂಬುದು) 24 ಡಿಬಿಗಿಂತ, ಅಂದರೆ ಸುಮಾರು 16 ಪಟ್ಟಿಗಿಂತ, ಕೆಳಗೆ ಇಳಿಯಬಾರದು ಎಂದು ಡೇಟಾಶೀಟ್‌ನಲ್ಲೇ ಇದೆ. 22ಕೆ, 680 ಇದ್ದಾಗ ನಿಮ್ಮ ಗೇನ್ 33. ಈಗ 11. ಅಷ್ಟು ಕಡಿಮೆಯಾದರೆ ಐಸಿ ತಾನಾಗಿಯೇ ಆಸಿಲೇಟ್ ಆಗುತ್ತದೆ, ಅಂದರೆ ಇನ್‌ಪುಟ್ ಇಲ್ಲದೆಯೂ ಸಿಗ್ನಲ್ ಹುಟ್ಟಿಸುತ್ತದೆ. ಅದು ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿ, ಆದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಪುರುಸೊತ್ತಿಲ್ಲದೆ ಕರೆಂಟ್ ಎಳೆಯುತ್ತವೆ. ಬಿಸಿ ಅಲ್ಲಿಂದ ಬಂದದ್ದು.

2.2ಕೆ ಜಾಗಕ್ಕೆ 1ಕೆ ಹಾಕಿ. ಗೇನ್ 23 ಆಗುತ್ತದೆ. 12-0-12ರಿಂದ ಸಿಗುವುದು ಸುಮಾರು ±16 ವೋಲ್ಟ್, 8 ಓಮ್‌ಗೆ ಹತ್ತು ವ್ಯಾಟ್ ಆಸುಪಾಸು. ಅಷ್ಟಕ್ಕೆ ಇನ್‌ಪುಟ್‌ನಲ್ಲಿ 0.4 ವೋಲ್ಟ್ ಸಾಕು, ಫೋನ್‌ನಿಂದಲೇ ಬರುತ್ತದೆ.

ಜೊತೆಗೆ ಇವನ್ನೂ ನೋಡಿ. 3 ಮತ್ತು 5ನೇ ಕಾಲಿನಿಂದ ಗ್ರೌಂಡ್‌ಗೆ ತಲಾ ಒಂದು 100 ನ್ಯಾನೋಫ್ಯಾರಡ್ ಇರಬೇಕು, ಐಸಿಯ ಬುಡದಲ್ಲೇ. ಫಿಲ್ಟರ್ ಕೆಪಾಸಿಟರ್ ದೂರವಿದ್ದರೆ ಬೋರ್ಡ್ ಮೇಲೆ ಇನ್ನೊಂದು ಜೋಡಿ 100 ಮೈಕ್ರೋಫ್ಯಾರಡ್ ಹಾಕಿ. ಔಟ್‌ಪುಟ್‌ನಿಂದ ಗ್ರೌಂಡ್‌ಗೆ 1 ಓಮ್ ಮತ್ತು 100 ನ್ಯಾನೋಫ್ಯಾರಡ್ ಸೀರೀಸ್‌ನಲ್ಲಿ ಇರಲಿ. ಖರ್ಚು ಉಳಿಸಲು ಇದನ್ನು ಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ.

ಮತ್ತೆ ಆನ್ ಮಾಡುವಾಗ 230 ವೋಲ್ಟ್ ಲೈನಿಗೆ 60 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿಕೊಳ್ಳಿ. ಕ್ಷಣ ಮಿಂಚಿ ಆರಿದರೆ ಸರಿ, ಉರಿಯುತ್ತಲೇ ಇದ್ದರೆ ತಕ್ಷಣ ಆಫ್ ಮಾಡಿ. ಸ್ಪೀಕರ್ ಜೋಡಿಸಬೇಡಿ. ಒಂದೊಂದು ಐಸಿಯ ಪಾಸಿಟಿವ್ ಲೈನಿನಲ್ಲಿ 1 ಓಮ್ ರೆಸಿಸ್ಟರ್ ಕೂರಿಸಿ ಅದರ ಎರಡು ತುದಿಯ ವೋಲ್ಟೇಜ್ ಅಳೆಯಿರಿ. 50 ಮಿಲಿವೋಲ್ಟ್ ಬಂದರೆ 50 ಮಿಲಿಆಂಪಿಯರ್, ಅದು ಆರೋಗ್ಯದ ಲಕ್ಷಣ. 200 ದಾಟಿದರೆ ಇನ್ನೂ ಆಸಿಲೇಟ್ ಆಗುತ್ತಿದೆ. ಔಟ್‌ಪುಟ್‌ನಲ್ಲಿ ಡಿಸಿ 20-30 ಮಿಲಿವೋಲ್ಟ್ ಒಳಗಿದ್ದರೆ ಮಾತ್ರ ಸ್ಪೀಕರ್ ಜೋಡಿಸಿ.

ಐಸಿಗೂ ಹೀಟ್‌ಸಿಂಕ್‌ಗೂ ನಡುವೆ ಕರೆಂಟ್ ತಡೆಯುವ ಮೈಕಾ ಹಾಳೆ ಹಾಕಿದ್ದೀರಾ? ಈ ಐಸಿಯ ಬೆನ್ನಿನ ಲೋಹ ಒಳಗೆ 3ನೇ ಕಾಲಿಗೆ, ಅಂದರೆ ನಿಮ್ಮ ಮೈನಸ್ ಸಪ್ಲೈಗೆ ಸೇರಿದೆ. ಹೀಟ್‌ಸಿಂಕ್ ಗ್ರೌಂಡ್‌ಗೆ ತಾಗಿದರೆ ನೇರ ಶಾರ್ಟ್.

ಇನ್ನೊಂದು ಉತ್ತರ

ಬಾಸ್ ವಿಷಯ. ಒಂದು ಸ್ಪೀಕರಿನ ಪ್ಲಸ್-ಮೈನಸ್ ತಿರುಗಿದೆ. ಹಾಡುಗಳಲ್ಲಿ ಬಾಸ್ ಹೆಚ್ಚಾಗಿ ಎರಡೂ ಚಾನೆಲ್‌ಗೆ ಸಮವಾಗಿರುತ್ತದೆ. ಒಂದು ಕೋನ್ (ಸ್ಪೀಕರಿನ ಅದುರುವ ಹಾಳೆ) ಹೊರಗೆ ತಳ್ಳುವಾಗ ಇನ್ನೊಂದು ಒಳಗೆ ಎಳೆದರೆ ಹೊರಗಿನ ಗಾಳಿಯಲ್ಲಿ ಒಂದನ್ನೊಂದು ಹೊಡೆದುಹಾಕುತ್ತವೆ. ನಿಮ್ಮದರಲ್ಲಿ ಒಳಗಿನ ಗಾಳಿಯೂ ಒಂದೇ ಆಗಿರುವುದರಿಂದ ಪೋರ್ಟ್ (ಪೆಟ್ಟಿಗೆಯ ಗಾಳಿ ಹೋಗಿಬರುವ ಕೊಳವೆ) ಇದ್ದರೂ ಕೆಲಸ ಮಾಡುವುದಿಲ್ಲ.

ಆಂಪ್ಲಿಫೈಯರ್‌ನಿಂದ ಸ್ಪೀಕರ್ ವೈರ್ ಬಿಚ್ಚಿ. 1.5 ವೋಲ್ಟ್ ಪೆನ್ಸಿಲ್ ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಕೆಂಪು ಗುರುತಿಗೂ ಮೈನಸ್ಸನ್ನು ಇನ್ನೊಂದಕ್ಕೂ ಒಂದು ಕ್ಷಣ ಮುಟ್ಟಿಸಿ. ಕಣ್ಣನ್ನು ಕೋನ್ ಮಟ್ಟಕ್ಕೆ ತಂದು ಪಕ್ಕದಿಂದ ನೋಡಿ, ಟಪ್ ಎಂದು ಹೊರಗೆ ಬರಬೇಕು. ಎರಡೂ ಒಂದೇ ಕಡೆಗೆ ಚಲಿಸಬೇಕು. ಗುರುತನ್ನು ನಂಬಬೇಡಿ, ಅಗ್ಗದ ಸ್ಪೀಕರ್‌ಗಳಲ್ಲಿ ಅದು ತಪ್ಪಿರುವುದುಂಟು.

ವೈರ್ ಸರಿಮಾಡಿದ ಮೇಲೂ ಅಡ್ಡಗೋಡೆ ಬೇಕೇ ಬೇಕು. ಒಂದೇ ಕೋಣೆಯಿದ್ದರೆ ಎಡಗಡೆ ತಬಲಾ ಬಿದ್ದಾಗಲೆಲ್ಲ ಒಳಗಿನ ಒತ್ತಡ ಬಲಗಡೆಯ ಕೋನನ್ನೂ ತಳ್ಳುತ್ತದೆ. ಒಳಗಿನ ಎತ್ತರ 20, ಆಳ 18 ಸೆಂ.ಮೀ. ಇಟ್ಟು ಎರಡು ತುದಿಗೂ 18 ಸೆಂ.ಮೀ. ಅಗಲದ ಕೋಣೆ, ನಡುವೆ ಆಂಪ್ಲಿಫೈಯರ್‌ಗೆ 10 ಸೆಂ.ಮೀ. ಬಿಡಿ. 18 ಎಂಎಂ ಹಲಗೆಯಲ್ಲಿ ಹೊರಗಿನ ಅಗಲ 53 ಸೆಂ.ಮೀ. ಆಗುತ್ತದೆ. ಸ್ಪೀಕರ್, ಪೋರ್ಟ್ ಕಳೆದು ಒಂದೊಂದು ಕೋಣೆಗೆ 6 ಲೀಟರ್ ಉಳಿಯುತ್ತದೆ. ಒಳವ್ಯಾಸ 36 ಎಂಎಂ ಇರುವ ಪಿವಿಸಿ ಪೈಪನ್ನು 11.5 ಸೆಂ.ಮೀ. ಉದ್ದಕ್ಕೆ ಕತ್ತರಿಸಿದರೆ ಪೋರ್ಟ್ 60 ಹರ್ಟ್ಸ್‌ಗೆ ಕೂರುತ್ತದೆ. ಮೊದಲು 13 ಸೆಂ.ಮೀ. ಕತ್ತರಿಸಿ, ಕೇಳಿ ನೋಡಿ ಕಡಿಮೆ ಮಾಡುತ್ತಾ ಬನ್ನಿ. ವೈರ್ ಹೋಗುವ ತೂತಿಗೆ ಸಿಲಿಕೋನ್ ತುಂಬಿ, ಇಲ್ಲದಿದ್ದರೆ ಬಾಸ್ ಹೊಡೆದಾಗ ಅಲ್ಲಿಂದ ಸುಯ್ ಎಂದು ಗಾಳಿ ಬರುತ್ತದೆ. ನಡುವಿನ ಕೋಣೆ ಮುಚ್ಚಬೇಡಿ, ಹೀಟ್‌ಸಿಂಕ್ ಹಿಂಬದಿಯಲ್ಲಿ ಹೊರಗೇ ಇರಲಿ.

ಪ್ರಶ್ನಿಸಿದವರು

1ಕೆ ಹಾಕಿದ ಮೇಲೆ 48 ಮತ್ತು 52 ಮಿಲಿವೋಲ್ಟ್ ಬಂತು, ಹೀಟ್‌ಸಿಂಕ್ ಈಗ ಬೆಚ್ಚಗಷ್ಟೇ. ಬಲಗಡೆಯ ಕೋನ್ ಉಲ್ಟಾ ಇತ್ತು, ತಿರುಗಿಸಿದೆ, ಬಾಸ್ ಬಂತು. ಹಮ್ಮಿಂಗ್ ಮಾತ್ರ ಹಾಗೇ ಇದೆ. ಬ್ಲೂಟೂತ್ ಬೋರ್ಡ್ ಜೋಡಿಸಿದರೆ ಅದರ ಜೊತೆಗೆ ಕಿರಿಕಿರಿ ಎನ್ನುವ ಸದ್ದೂ ಸೇರುತ್ತದೆ.

ಉತ್ತರ

ಸ್ಪೀಕರ್ ವೈರ್ ಬಿಚ್ಚಿದ ಮೇಲೂ ಗುಂಯ್ ಅಂದರೆ ಟ್ರಾನ್ಸ್‌ಫಾರ್ಮರಿನ ಪಟ್ಟಿಗಳು ನಡುಗಿ ಹಲಗೆಯನ್ನು ನಡುಗಿಸುತ್ತಿವೆ. ಬೋಲ್ಟ್ ಕೆಳಗೆ ರಬ್ಬರ್ ವಾಷರ್ ಹಾಕಿ. ಸ್ಪೀಕರಿನಿಂದಲೇ ಬರುತ್ತಿದ್ದರೆ ಆಂಪ್ಲಿಫೈಯರ್ ಇನ್‌ಪುಟ್ಟನ್ನು ಬೋರ್ಡಿನಲ್ಲೇ ಗ್ರೌಂಡ್‌ಗೆ ಶಾರ್ಟ್ ಮಾಡಿ. ಆಗ ನಿಂತರೆ ವಾಲ್ಯೂಮ್ ಪಾಟ್ ಅಥವಾ ಶೀಲ್ಡ್ ವೈರಿನ ದೋಷ. ನಿಲ್ಲದಿದ್ದರೆ ಗ್ರೌಂಡ್ ವೈರಿಂಗ್ ತಪ್ಪಿದೆ, ನಿಮ್ಮ ಲಕ್ಷಣ ನೋಡಿದರೆ ಅದೇ.

ಫಿಲ್ಟರ್ ಕೆಪಾಸಿಟರ್ ಸೆಕೆಂಡಿಗೆ 100 ಬಾರಿ ಗಬಕ್ಕನೆ ಕರೆಂಟ್ ಎಳೆದುಕೊಳ್ಳುತ್ತದೆ. ಆ ಏಟು ಒಂದು ಆಂಪಿಯರ್ ಎಂದುಕೊಳ್ಳಿ. ತೆಳು ಹುಕಪ್ ವೈರ್ 10-12 ಸೆಂ.ಮೀ. ಇದ್ದರೆ ಅದರ ರೆಸಿಸ್ಟೆನ್ಸ್ 10 ಮಿಲಿಓಮ್, ಅಲ್ಲಿ 10 ಮಿಲಿವೋಲ್ಟ್ ಹುಟ್ಟುತ್ತದೆ. ಇನ್‌ಪುಟ್ ಗ್ರೌಂಡ್ ಅದೇ ವೈರಿನಲ್ಲಿ ಬರುತ್ತಿದ್ದರೆ 23 ಪಟ್ಟಾಗಿ ಸ್ಪೀಕರಿಗೆ 230 ಮಿಲಿವೋಲ್ಟ್ ಹೋಗುತ್ತದೆ. ವಾಲ್ಯೂಮ್ ಸೊನ್ನೆ ಮಾಡಿದರೂ ನಿಲ್ಲದಿರುವುದು ಇದಕ್ಕೇ.

ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪನ್ನು (12-0-12ರ ಸೊನ್ನೆ ತಂತಿ) ಎರಡು 4700ರ ಕಾಲುಗಳು ಕೂಡುವಲ್ಲಿಗೆ ತನ್ನಿ. ಅಲ್ಲಿಂದ ಎರಡು ಸೆಂ.ಮೀ. ಉದ್ದದ ದಪ್ಪ ತಾಮ್ರದ ತಂತಿ ಎಳೆದು ಆ ತುದಿಯನ್ನು ಸ್ಟಾರ್ ಪಾಯಿಂಟ್ ಮಾಡಿ. ಎರಡು ಸ್ಪೀಕರಿನ ಮೈನಸ್, ಎರಡು ಬೋರ್ಡಿನ ಪವರ್ ಗ್ರೌಂಡ್, ಇನ್‌ಪುಟ್ ಗ್ರೌಂಡ್, ಎಲ್ಲವೂ ಬೇರೆ ಬೇರೆ ವೈರಿನಲ್ಲಿ ಆ ತುದಿಗೆ ಮಾತ್ರ ಬರಲಿ. ಕೆಪಾಸಿಟರ್ ಕಾಲಿಗೆ ನೇರವಾಗಿ ಬೇರೇನನ್ನೂ ಬೆಸೆಯಬೇಡಿ. ಟ್ರಾನ್ಸ್‌ಫಾರ್ಮರನ್ನು ಇನ್‌ಪುಟ್‌ನಿಂದ ಸಾಧ್ಯವಾದಷ್ಟು ದೂರ ಇಡಿ, ಬೋಲ್ಟ್ ಬಿಗಿಯುವ ಮೊದಲು ಕೈಯಲ್ಲಿ ತಿರುಗಿಸುತ್ತಾ ಕೇಳಿ, ಒಂದು ದಿಕ್ಕಿನಲ್ಲಿ ಹಮ್ಮಿಂಗ್ ಅತಿ ಕಡಿಮೆ ಇರುತ್ತದೆ. 230 ವೋಲ್ಟ್ ತುದಿಗಳಿಗೆ ಮೊದಲೇ ಸ್ಲೀವ್ ಹಾಕಿರಿ. ಪ್ರೈಮರಿಗೆ ಅರ್ಧ ಆಂಪಿಯರ್ ಸ್ಲೋಬ್ಲೋ ಫ್ಯೂಸ್, ಲೋಹದ ಪ್ಲೇಟಿಗೆ ಅರ್ಥಿಂಗ್ ಕಡ್ಡಾಯ.

ಬ್ಲೂಟೂತ್ ಬೋರ್ಡಿನ ಕಿರಿಕಿರಿಗೆ ಕಾರಣ, ಅದರ ಗ್ರೌಂಡ್ ಪವರ್ ದಾರಿಯಲ್ಲೊಮ್ಮೆ, ಆಡಿಯೋ ದಾರಿಯಲ್ಲೊಮ್ಮೆ ಸೇರುತ್ತಿರುವುದು. 5 ವೋಲ್ಟ್ ದಾರಿಯಲ್ಲಿ ಎರಡು ಕಡೆಯ ಗ್ರೌಂಡನ್ನು ಬೇರ್ಪಡಿಸುವ ಬಿ0505ಎಸ್ ಐಸೊಲೇಟೆಡ್ ಕನ್ವರ್ಟರ್ ಹಾಕಿ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೇಳಿ ನೋಡಿ. ಆಗ ಆಡಿಯೋ ವೈರ್ ಒಂದೇ ಗ್ರೌಂಡ್ ಆಗಿ ಉಳಿಯುತ್ತದೆ.

ಪ್ರಶ್ನಿಸಿದವರು

ಸ್ಟಾರ್ ಮಾಡಿದೆ, ಕಿವಿಯನ್ನು ಕೋನಿಗೆ ಹಚ್ಚಿದರೆ ಮಾತ್ರ ಹಮ್ಮಿಂಗ್ ಕೇಳಿಸುತ್ತದೆ. ಅಡ್ಡಗೋಡೆ ಹಾಕಿದ ಮೇಲೆ ಎಡ-ಬಲ ಬಿಡಿಯಾಗಿ ಕೇಳಿಸಬಹುದೇ?

ಇನ್ನೊಂದು ಉತ್ತರ

ಎಷ್ಟು ದೂರ ಕೂರುತ್ತೀರಿ ಎನ್ನುವುದರ ಮೇಲಿದೆ. ಎರಡು ಕೋನಿನ ನಡುವೆ 40 ಸೆಂ.ಮೀ. ಇದ್ದರೆ 65 ಸೆಂ.ಮೀ. ದೂರದಲ್ಲಿ ಕಿವಿಗೆ 34 ಡಿಗ್ರಿ ಕೋನ ಸಿಗುತ್ತದೆ, ಮೇಜಿನ ಮೇಲಿಟ್ಟು ಕೇಳಲು ಚೆಂದ. ಎರಡೂವರೆ ಮೀಟರ್ ಹಿಂದೆ ಹೋದರೆ ಬರೀ 9 ಡಿಗ್ರಿ, ಆಗ ಮೋನೋ ಎಂದೇ ಅನ್ನಿಸುತ್ತದೆ. ಸ್ಪೀಕರ್‌ಗಳನ್ನು ಪಕ್ಕದ ಹಲಗೆಗೆ ತಿರುಗಿಸಿದರೆ ಗೋಡೆಯ ಪ್ರತಿಧ್ವನಿಯಿಂದ ಅಗಲ ಬಂದಂತೆ ಅನ್ನಿಸುತ್ತದೆ, ಆದರೆ ಹಾಡುವವರ ದನಿ ನಡುವೆ ನಿಲ್ಲುವುದಿಲ್ಲ. ಮುಂದಿನ ಹಲಗೆಯಲ್ಲೇ ಇರಲಿ, ಸಾಧ್ಯವಾದಷ್ಟು ಅಂಚಿಗೆ.